ಪೊಳ್ಳು ಶ್ಯಾವಿಗೆಗೆ ಮೂರು ಹಿಡಿ ಉಪ್ಪು

ನಮ್ಮ ಮಾವನವರಿಗೆ ಹೆಂಗಸರ ಉದ್ಧಾರದ ಹುಚ್ಚು ಹಿಡಿದದ್ದು ನಾನು ಮದುವೆಯಾಗಿ ಖಾನಾಪುರದಿಂದ ಬೆಳಗಾವಿಗೆ ಬಂದ ಎರಡನೆಯ ವರ್ಷ. ಅದಕ್ಕೂ ಮುಂಚೆ ಅವರಿಗೆ ಹೂವಿನ ಕುಂಡಗಳ ಹುಚ್ಚಿತ್ತಂತೆ. ಕುಂಡಗಳು ಒಣಗಿ ಹೋಗಿದ್ದವು, ಹೆಂಗಸರು ಉಳಿದಿದ್ದೆವು. ಇಪ್ಪತ್ತರ ದಶಕದ ಮಾತು ಇದು. ಆಗ ಬೆಳಗಾವಿಯಲ್ಲಿ ವಕೀಲರಾದವರು ಯಾವುದಾದರೊಂದು ಮಂಡಳಿಯಲ್ಲಿ ಇಲ್ಲದಿದ್ದರೆ ಅವರ ವಕೀಲಿಯ ಬಗ್ಗೆಯೇ ಜನ ಅನುಮಾನ ಪಡುತ್ತಿದ್ದರು. ಮಾವನವರು ಸ್ತ್ರೀ ಸುಧಾರಣೆಯ ಮಂಡಳಿಯೊಂದನ್ನು ಹಿಡಿದುಕೊಂಡರು. ಒಂದು ವಾರ ಮರಾಠಿಯಲ್ಲಿ, ಒಂದು ವಾರ ಕನ್ನಡದಲ್ಲಿ ಭಾಷಣ ಮಾಡುತ್ತಿದ್ದರು. ಎರಡೂ ಭಾಷೆಯಲ್ಲಿ ಕಣ್ಣೊರೆಸಿಕೊಳ್ಳುವ ಜಾಗ ಒಂದೇ ಆಗಿತ್ತು.

ಮನೆ ನಡೆಸುತ್ತಿದ್ದವರು ಅವರ ತಂಗಿ. ನನ್ನ ಸ್ವಂತ ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಈ ತಂಗಿ ನನ್ನ ಗಂಡನಿಗೆ ಸೋದರತ್ತೆ. ನಾನೂ ಅವರನ್ನು ‘ಅತ್ಯಾ’ ಎಂದೇ ಕರೆಯುತ್ತಿದ್ದೆ. ಅವರನ್ನು ಖಾನಾಪುರಕ್ಕೇ ಕೊಟ್ಟಿದ್ದರು. ಹತ್ತೊಂಬತ್ತನೆಯ ವರ್ಷಕ್ಕೆ ಗಂಡ ಹೋದ. ಮೈದುನನ ಮನೆಯಲ್ಲಿ ಒಂದು ವರ್ಷ ಕಸ ಮುಸುರೆ ಮಾಡಿ, ಮೈ ಸವೆದು, ಅಣ್ಣನ ಮನೆಗೆ ಬಂದರು. ನನ್ನ ಗಂಡನ ಬಗ್ಗೆಯೂ ಹೇಳಬೇಕಲ್ಲ: ಅವರು ಕಚೇರಿಯಿಂದ ಬಂದು ಉಂಡು ಮಲಗುವವರು. ಈ ಕತೆಯಲ್ಲಿ ಅವರ ಕೆಲಸವೂ ಅಷ್ಟೇ.

ನಮ್ಮದು ಜನಿವಾರ ಹಾಕಿಕೊಂಡೂ ಮೀನು ತಿನ್ನುವ ಮಂದಿ. ತಿನ್ನುವುದು ಎಂದರೆ ಗಂಡಸರು ತಿನ್ನುವುದು, ಮುತ್ತೈದೆಯರು ತಿನ್ನುವುದು. ವಿಧವೆಯರಿಗೆ ಮೀನು ಇಲ್ಲ. ಆದರೆ ಶಾಸ್ತ್ರ ಬಹಳ ದಯಾಳು. ವಿಧವೆ ಮೀನು ತೊಳೆಯಬಹುದು, ಸಿಪ್ಪೆ ತೆಗೆಯಬಹುದು, ಮಸಾಲೆ ಅರೆಯಬಹುದು, ಹೊಗೆ ಕುಡಿದು ಬೇಯಿಸಬಹುದು, ಬಡಿಸಲೂಬಹುದು. ಬಾಯಿಗೆ ಮಾತ್ರ ಹಾಕಬಾರದು. ಈ ಶಾಸ್ತ್ರ ಯಾವ ಗ್ರಂಥದಲ್ಲಿದೆ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಮಾವನವರು, “ಎಲ್ಲಾ ಗ್ರಂಥದಾಗೂ ಐತಿ,” ಎಂದರು. ಎಲ್ಲದರಲ್ಲೂ ಇರುವುದನ್ನು ಹುಡುಕುವುದು ಯಾರಿಂದಾದೀತು?

ಮೀನು ಒಳಗಿನ ಅಡುಗೆಮನೆಗೆ ಬರುವ ಹಾಗಿರಲಿಲ್ಲ. ಹಿತ್ತಲಲ್ಲಿ ತಗಡಿನ ಮಾಡಿನ ಕೆಳಗೆ ಅದಕ್ಕೊಂದು ಒಲೆ, ಒಂದು ಬಾಣಲಿ, ಒಂದು ಸೌಟು. ಒಳಗಿನ ಪಾತ್ರೆ ಹೊರಗೆ ಹೋದರೆ ತಿರುಗಿ ಒಳಗೆ ಬರುವಂತಿಲ್ಲ. ಹೀಗಾಗಿ ಮೀನಿನದೇನಿದ್ದರೂ ಆ ಒಂದೇ ಬಾಣಲಿಯಲ್ಲಿ ಹುರಿದು, ಅದರಲ್ಲೇ ಕುದಿಸಿ, ಅದರಲ್ಲೇ ಮುಗಿಸಬೇಕು. ಖಾನಾಪುರದ ಕುಂಬಾರರು ಮಾಡಿದ ಅಗಲ ಬಾಯಿಯ ಮಣ್ಣಿನ ಬಾಣಲಿ ಅದು. ನನ್ನ ಜೊತೆ ತವರಿನಿಂದ ಬಂದದ್ದು. ಅತ್ತೆ ಹಿತ್ತಲಲ್ಲಿ ಅಡುಗೆ ಮುಗಿಸಿ, ಬಾವಿಕಟ್ಟೆಯ ಮೇಲೆ ತಣ್ಣೀರು ಸುರಿದುಕೊಂಡು, ಒಳಗೆ ಹೋಗಿ ತಮ್ಮ ಒಪ್ಪತ್ತಿನ ಅವಲಕ್ಕಿ ತಿನ್ನುತ್ತಿದ್ದರು.

ತಿನ್ನದ ಆ ಕೈಯ ರುಚಿ ಎಂಥದೆಂದರೆ, ಅದನ್ನು ನೆನೆದರೆ ಈ ಮುದಿ ಬಾಯಲ್ಲಿ ಇವತ್ತಿಗೂ ನೀರು ಬರುತ್ತದೆ. ಉಪ್ಪು ಒಂದು ಹರಳು ಹೆಚ್ಚಲ್ಲ, ಒಂದು ಹರಳು ಕಡಿಮೆಯಲ್ಲ. ರುಚಿ ನೋಡುವಂತಿಲ್ಲವಲ್ಲ, ಕುದಿಯುವ ಸಪ್ಪಳ ಕೇಳಿ, ಹಬೆ ಮೂಸಿ, ಕಣ್ಣಳತೆಯಲ್ಲಿ ಹಾಕುತ್ತಿದ್ದರು. ಮಾವನವರಿಗೆ ಇದು ದೊಡ್ಡ ಅಭಿಮಾನ. ಬಂದವರ ಮುಂದೆಲ್ಲ, “ನಮ್ಮ ತಂಗೀದು ನೋಡ್ರಿ, ಹದಿನಾರು ವರ್ಷದಾಗ ಒಂದ ಸಲಾನೂ ನಾಲಿಗಿಗೆ ಹಚ್ಚಿಲ್ಲ. ಒಂದ ಸಲಾನೂ ಉಪ್ಪು ತಪ್ಪಿಲ್ಲ. ತಪಸ್ಸು ಅಂದ್ರ ಇದು!” ಎಂದು ಹೇಳುತ್ತಿದ್ದರು. ತಪಸ್ಸು ತಂಗಿಯದು, ಹೊಟ್ಟೆ ಅಣ್ಣನದು.

ಅತ್ತೆಗೆ ಮೀನಿನ ಆಸೆ ಎಷ್ಟಿತ್ತೆಂದು ನನ್ನೊಬ್ಬಳಿಗೇ ಗೊತ್ತಿತ್ತು. ನಾನು ತವರಿಗೆ ಹೋಗಿ ಬಂದಾಗೆಲ್ಲ ಅವರು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕೂರಿಸುತ್ತಿದ್ದರು. “ಏನೇನ ಉಂಡಿ, ಹೇಳ,” ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಸಿಗಡಿ ಎಂದರೆ, “ಹೆಂಗ ಮಾಡಿದ್ದರು? ಹುಳಿಗೆ ಆಮಸೋಲ ಹಾಕಿದ್ದರೇನು? ಹಲ್ಲಿಗೆ ಹೆಂಗ ಹತ್ತಿತ್ತು?” ಎಂದು ಒಂದೊಂದನ್ನೇ ಕೇಳುತ್ತಿದ್ದರು. ನಾನು ಹೇಳುತ್ತಿರುವಾಗ ಅವರ ಗಂಟಲು ಏರಿ ಇಳಿಯುತ್ತಿತ್ತು. ಒಮ್ಮೆ, “ಒಂದ ತುಣುಕು ಬಾಯಾಗ ಹಾಕ್ಕೋರಿ ಅತ್ಯಾ, ನಾ ಯಾರಿಗೂ ಹೇಳಂಗಿಲ್ಲ,” ಎಂದೆ. ಅವರು ನನ್ನ ಕೈ ಒತ್ತಿ ಸರಿಸಿದರು. “ಕದ್ದು ತಿನ್ನಾಂಗಿಲ್ಲ ಅವ್ವಾ. ಗೊತ್ತಾದ್ರ ಅಣ್ಣ ಖಾನಾಪುರದ ಮೈದುನನ ಮನಿಗೆ ಕಳಸ್ತಾನು. ಅಲ್ಲಿಗೆ ಹೋಗೂದಕ್ಕಿಂತ ಬಾವಿ ಚಲೋ,” ಎಂದರು. ಮಾವನವರು ಸಿಟ್ಟು ಬಂದಾಗ ಎರಡು ಸಲ ಹಾಗೆ ಹೆದರಿಸಿದ್ದನ್ನು ನಾನೇ ಕೇಳಿದ್ದೆ.

ಹೀಗಿರುವಾಗ ಮಾವನವರು ಕ್ಯಾಂಪಿನಲ್ಲಿ ಯಾರೋ ಮಿಲಿಟರಿ ಡಾಕ್ಟರರ ಮನೆಯಲ್ಲಿ ಊಟ ಮಾಡಿ ಬಂದರು. ಬರುವಾಗ ಕಂಕುಳಲ್ಲಿ ಒಂದು ದೊಡ್ಡ ಕಾಗದದ ಪೊಟ್ಟಣ. ಅದರಲ್ಲಿ ಮ್ಯಾಕರೋನಿ. ಇಟಲಿಯವರ ಶ್ಯಾವಿಗೆಯಂತೆ. ಅದನ್ನು ಸಿಗಡಿಯ ಜೊತೆ ಒಂದೇ ಪಾತ್ರೆಯಲ್ಲಿ ಬೇಯಿಸಿ ಇಪ್ಪತ್ತು ಮಿನಿಟಿನಲ್ಲಿ ಊಟ ಸಿದ್ಧ ಮಾಡುತ್ತಾರಂತೆ. ಮುಂದಿನ ಶನಿವಾರ ಪುಣೆಯ ಕಡೆಯಿಂದ ಮಂಡಳಿಯ ಅಧ್ಯಕ್ಷರು ಬರುವವರಿದ್ದರು. ಸಂಜೆ ಭಾಷಣ, ಆಮೇಲೆ ನಮ್ಮ ಮನೆಯಲ್ಲಿ ಊಟ. ಊಟಕ್ಕೆ ಇದೇ ಆಗಬೇಕೆಂದು ಅಪ್ಪಣೆಯಾಯಿತು.

ಅತ್ತೆ ಒಂದು ಕಡ್ಡಿಯನ್ನು ಎತ್ತಿ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಈ ತುದಿಯಿಂದ ಆ ತುದಿಗೆ ತೂತು.

“ಇದರಾಗ ಏನೂ ಇಲ್ಲಲ್ಲ ಅಣ್ಣಾ, ಪೊಳ್ಳ ಐತಿ.”

“ಅದ ಅದರ ವಿಶೇಷ,” ಎಂದರು ಮಾವನವರು.

“ಶ್ಯಾವಿಗಿ ಹೊಸೆಯೋರಿಗೆ ಕೈ ಸೋತಿರಬೇಕು, ಪಾಪ,” ಎಂದು ಅತ್ತೆ ನನ್ನ ಕಡೆ ನೋಡಿದರು. “ಇದಕ್ಕ ಮತ್ತೇನ ಹಾಕ್ತಾರ?”

“ಬೆಣ್ಣಿ. ಮತ್ತ ಚೀಜ್.”

“ಚೀಜ್ ಅಂದ್ರ?”

ಮಾವನವರು ಸ್ವಲ್ಪ ಯೋಚಿಸಿದರು. “ಹಾಲು ಕೆಡಿಸಿ, ಹಿಂಡಿ, ತಿಂಗಳಗಟ್ಟಲೆ ಇಟ್ಟಿರ್ತಾರ.”

“ಕೆಟ್ಟದ್ದನ್ನ ಇಟ್ಟುಕೊಳ್ಳೂದು ನಮ್ಮ ಮನ್ಯಾಗ ಬ್ಯಾಡ. ನಾ ತೆಂಗಿನಕಾಯಿ ಹಾಲು ಹಾಕ್ತೀನಿ,” ಎಂದು ಅತ್ತೆ ಮಾತು ಮುಗಿಸಿದರು.

ಶನಿವಾರ ಬಂತು. ಗೋವೆಯ ಕಡೆಯಿಂದ ಬರುವ ಗಾಡಿಗೆ ಸಿಗಡಿ ಬಂದವು, ತೇಗದೆಲೆಯಲ್ಲಿ ಸುತ್ತಿದ್ದು, ಇನ್ನೂ ಸಮುದ್ರದ ವಾಸನೆಯಲ್ಲೇ ಇದ್ದವು. ಅತ್ತೆ ಮತ್ತು ನಾನು ಹಿತ್ತಲಲ್ಲಿ ಕೂತು ಸಿಪ್ಪೆ ತೆಗೆಯುತ್ತಿದ್ದೆವು. ಮಾವನವರು ಕೈಯಲ್ಲಿ ಕಾಗದ ಹಿಡಿದು ಅಲ್ಲಿಗೇ ಬಂದರು. ಅಧ್ಯಕ್ಷರಿಗಿಂತ ಮುಂಚೆ ಅವರೂ ಅರ್ಧ ತಾಸು ಮಾತಾಡುವುದಿತ್ತು. ಅದನ್ನು ನಮ್ಮೆದುರಿಗೆ ಒಮ್ಮೆ ಓದಿ ನೋಡಬೇಕಿತ್ತು. ಹೆಂಗಸರ ಬಗ್ಗೆ ಬರೆದದ್ದು, ಹೆಂಗಸರು ಅಳುತ್ತಾರೋ ಇಲ್ಲವೋ ಪರೀಕ್ಷೆಯಾಗಬೇಕಲ್ಲ.

ಭಾಷಣ ಚೆನ್ನಾಗಿಯೇ ಇತ್ತು. ನಮ್ಮ ದೇಶದ ವಿಧವೆಯರ ಕಣ್ಣೀರಿನಿಂದ ಒಂದು ಹೊಳೆಯೇ ಹರಿಸಿದರು. ನಾನು ಅಳಲು ಶುರು ಮಾಡಬೇಕೆನ್ನುವಷ್ಟರಲ್ಲಿ ಅವರು ದನಿ ಏರಿಸಿ ಓದಿದರು: “ಸಭಿಕರೇ, ನನ್ನ ಮನೆಯಲ್ಲೂ ಒಬ್ಬ ವಿಧವೆ ತಂಗಿ ಇದ್ದಾಳೆ. ಆಕೆ ಈ ಮನೆಯ ರಾಣಿ. ಆಕೆಗೆ ಯಾವುದಕ್ಕೂ ಕೊರತೆಯಿಲ್ಲ. ಆಕೆಗೆ ಯಾವ ಆಸೆಯೂ ಇಲ್ಲ.”

ಕನ್ನಡಕದ ಮೇಲಿಂದ ನಮ್ಮನ್ನು ನೋಡಿದರು. “ಹೆಂಗೈತಿ?”

ಅತ್ತೆಯ ಎರಡು ಕೈಯೂ ಸಿಗಡಿಯ ಬೋಗುಣಿಯಲ್ಲಿದ್ದವು. “ಚಲೋ ಐತಿ ಅಣ್ಣಾ,” ಎಂದರು. “ಕಡೀ ಮಾತು ಇನ್ನೊಮ್ಮಿ ಓದು.”

ಮಾವನವರು ಸಂತೋಷದಿಂದ ಇನ್ನೊಮ್ಮೆ ಓದಿದರು. ಆಕೆಗೆ ಯಾವ ಆಸೆಯೂ ಇಲ್ಲ.

ಅವರು ಒಳಗೆ ಹೋದ ಮೇಲೆ ಅತ್ತೆ ಬಹಳ ಹೊತ್ತು ಸಿಗಡಿಯ ಬೆನ್ನಿನ ಕಪ್ಪು ನರವನ್ನು ಒಂದೊಂದಾಗಿ ಎಳೆದು ತೆಗೆದು ಒಗೆಯುತ್ತಲೇ ಇದ್ದರು.

ಸಂಜೆ ಭಾಷಣ ಮುಗಿಸಿ ಅಧ್ಯಕ್ಷರು, ಮಂಡಳಿಯ ಕಾರ್ಯದರ್ಶಿ, ಮಾವನವರು, ಮೂವರೂ ಟಾಂಗಾದಿಂದಿಳಿದು ಪಡಸಾಲೆಯಲ್ಲಿ ಕೂತರು. ಅತ್ತೆ ಹಿತ್ತಲ ಒಲೆಗೆ ಉರಿ ಮಾಡಿದರು. ಬಾಣಲಿಯಲ್ಲಿ ಎಣ್ಣೆ, ಉಳ್ಳಾಗಡ್ಡಿ, ಜಜ್ಜಿದ ಬೆಳ್ಳುಳ್ಳಿ. ಅದು ಕೆಂಪಾಗುತ್ತಲೇ ಅರೆದಿಟ್ಟ ಮೆಣಸಿನಕಾಯಿ. ಆಮೇಲೆ ನೀರು, ಒಂದು ಹಿಡಿ ಉಪ್ಪು. ಪೊಳ್ಳು ಶ್ಯಾವಿಗೆಯನ್ನು ಪುಳ್ಳೆ ಮುರಿದ ಹಾಗೆ ಲಟಲಟ ಮುರಿದು, ಅರ್ಧ ಪೊಟ್ಟಣ ಅದಕ್ಕೇ ಸುರಿದರು. ಅದು ಮೆತ್ತಗಾಗುತ್ತ ಬಂದಾಗ ಸಿಗಡಿ ಹಾಕಿದರು. ಮೇಲೆ ಎರಡು ಎಸಳು ಆಮಸೋಲ. ಸಿಗಡಿ ಬಿಲ್ಲಿನ ಹಾಗೆ ಬಾಗಿ ಬಣ್ಣ ತಿರುಗಿದವು. ಆಗ ಇನ್ನೊಂದು ಹಿಡಿ ಉಪ್ಪು ಹಾಕಿದರು.

ಮರೆತಿದ್ದಾರೆ ಅಂದುಕೊಂಡೆ. “ಅತ್ಯಾ, ಉಪ್ಪು ಆಗಲೇ ಹಾಕೀರಿ.”

“ಗೊತ್ತೈತಿ.”

ತೆಂಗಿನಕಾಯಿ ಹಾಲು ಹೊಯ್ದರು. ಒಂದು ಕುದಿ ಬಂತು. ಮೂಗಿಗೆ ಬಡಿದ ಆ ವಾಸನೆಗೆ ನನ್ನ ಹೊಟ್ಟೆ ಕೂಗಿತು. ಅತ್ತೆ ಉಪ್ಪಿನ ಮರಿಗೆಗೆ ಮತ್ತೆ ಕೈ ಹಾಕಿದರು. ನಾನು ಅವರ ಮಣಿಕಟ್ಟು ಹಿಡಿದೆ.

“ಅತ್ಯಾ!”

“ಬಿಡು. ಇಟಲಿಯವರ ಶ್ಯಾವಿಗಿ, ಒಳಗ ತೂತೈತಿ. ಹೊರಗೂ ಬೇಕು, ಒಳಗೂ ಬೇಕು,” ಎಂದರು. ನಗುತ್ತಿರಲಿಲ್ಲ. ಕೈ ಬಿಡಿಸಿಕೊಂಡರು. ಹದಿನಾರು ವರ್ಷ ತಪ್ಪದ ಕೈ ಅದು. ಮೂರನೆಯ ಹಿಡಿಯೂ ಬಾಣಲಿಗೆ ಬಿತ್ತು. ಖಾನಾಪುರದ ಮೈದುನನ ಮನೆ ನನ್ನ ಕಣ್ಣೆದುರಿಗೆ ಬಂತು.

ಬಡಿಸಿದವಳು ನಾನು. ಮೂರು ಮಣೆ, ಮೂರು ಎಲೆ. ಅತ್ತೆ ಬಾಗಿಲ ಹಿಂದೆ ನಿಂತಿದ್ದರು. ಮಾವನವರು ಊಟಕ್ಕೆ ಮುಂಚೆಯೇ ತಪಸ್ಸಿನ ಕತೆ ಹೇಳಿ ಮುಗಿಸಿದ್ದರು. ಹದಿನಾರು ವರ್ಷ, ಒಂದ ಸಲಾನೂ ನಾಲಿಗಿಗೆ ಹಚ್ಚಿಲ್ಲ, ಎಲ್ಲವೂ. ಅಧ್ಯಕ್ಷರು ಕೈ ಮುಗಿದು, “ಧನ್ಯ ಮಾತೆ,” ಎಂದು ಮೊದಲ ತುತ್ತು ಬಾಯಿಗಿಟ್ಟರು.

ತುತ್ತು ಅಲ್ಲೇ ನಿಂತಿತು. ಕೆಳಗೂ ಇಳಿಯಲಿಲ್ಲ, ಹೊರಗೂ ಬರಲಿಲ್ಲ. ಅವರ ಕಣ್ಣಲ್ಲಿ ನೀರು ಬಂತು. ಸಭೆಯಲ್ಲಿ ಅಷ್ಟು ನೀರು ಬಂದಿರಲಿಲ್ಲವಂತೆ. ತಂಬಿಗೆ ಎತ್ತಿ ಗಟಗಟ ಕುಡಿದರು.

ಕಾರ್ಯದರ್ಶಿ ಮುಲಾಜಿನ ಮನುಷ್ಯ. “ಇಟಲಿ ಕಡೆ ಹಿಂಗ ಇರತದಂತ ಕಾಣಸತೈತಿ,” ಎಂದು ಎಲೆಯ ಅಂಚಿನಲ್ಲೇ ಬೆರಳಾಡಿಸುತ್ತಿದ್ದರು.

“ಹೌದು ಹೌದು, ಇಟಲಿ ಮಂದಿಗೆ ಉಪ್ಪು ಸ್ವಲ್ಪ ಮುಂದ,” ಎಂದು ಮಾವನವರೂ ತುತ್ತು ಹಾಕಿಕೊಂಡರು. ಹಾಕಿಕೊಂಡದ್ದೇ ತಡ, ಇಟಲಿ ಮರೆತು ಹೋಯಿತು. ಮುಖ ಕೆಂಪಗಾಯಿತು. ಒಳಗಿನ ಬಾಗಿಲ ಕಡೆ ತಿರುಗಿ ಒದರಿದರು:

“ಏನಿದು! ಸಮುದ್ರ ತಂದು ಸುರುವಿ ಏನು? ರುಚಿ ನೋಡಿ ಹಾಕಾಕ ಆಗಂಗಿಲ್ಲೇನು?”

ಬಾಗಿಲ ಹಿಂದಿನಿಂದ ಅತ್ತೆ ಹೊರಗೆ ಬಂದರು. ಹದಿನಾರು ವರ್ಷದಲ್ಲಿ ಪರ ಗಂಡಸರ ಎದುರಿಗೆ ಅವರು ಬಂದದ್ದು ಅದೇ ಮೊದಲು. ಸೆರಗು ತಲೆ ತುಂಬ ಹೊದ್ದಿದ್ದರು. ದನಿ ಸಣ್ಣಗಿತ್ತು, ಆದರೆ ಪಡಸಾಲೆಯ ಮೂಲೆಗೂ ಕೇಳಿಸುವಂತಿತ್ತು.

“ರುಚಿ ನೋಡೂ ಹಂಗಿಲ್ಲಲ್ಲ ಅಣ್ಣಾ. ನೋಡಬಾರದು ಅಂತ ನೀನ ಹೇಳಿದ್ದಿ.”

ಕಾರ್ಯದರ್ಶಿ ಎಲೆಯಲ್ಲಿ ಸಿಗಡಿ ಎಣಿಸುತ್ತಿದ್ದರು. ಮಾವನವರು ಅಧ್ಯಕ್ಷರ ಮುಖ ನೋಡಿದರು, ಅಧ್ಯಕ್ಷರು ಮಾವನವರ ಮುಖ ನೋಡಿದರು. ಒಂದೇ ತಾಸಿನ ಹಿಂದೆ ಇಬ್ಬರೂ ಸೇರಿ ಇಡೀ ದೇಶದ ವಿಧವೆಯರ ಸಂಕೋಲೆ ಮುರಿದು ಬಂದಿದ್ದರು. ಇಲ್ಲಿ ಒಂದು ಸೌಟಿನ ಮುಂದೆ ಸಿಕ್ಕಿಕೊಂಡರು.

ಅಧ್ಯಕ್ಷರೇ ಮೊದಲು ಗಂಟಲು ಸರಿಮಾಡಿಕೊಂಡು, “ತಾಯಿ, ಇಂಥ ರೂಢಿಗಳನ್ನೇ ನಾವು…” ಎಂದು ಶುರು ಮಾಡಿದರು.

“ನಿಮ್ಮ ಮನ್ಯಾಗ ಯಾರು ರುಚಿ ನೋಡತಾರ್ರಿ?” ಎಂದು ಅತ್ತೆ ಕೇಳಿದರು. ಕೊಂಕಿರಲಿಲ್ಲ, ನಿಜವಾಗಿಯೇ ಕೇಳಿದರು.

ಅಧ್ಯಕ್ಷರು ಮತ್ತೆ ನೀರು ಕುಡಿದರು. ಅವರ ಮನೆಯಲ್ಲೂ ಯಾರೋ ಒಬ್ಬರು ರುಚಿ ನೋಡದೆ ಬೇಯಿಸುತ್ತಿದ್ದರೆಂದು ನನಗೆ ಆಗಲೇ ಅನಿಸಿತು.

ಮಾವನವರಿಗೆ ಬೇರೆ ದಾರಿ ಇರಲಿಲ್ಲ. ನಗೆ ತಂದುಕೊಂಡು, “ಯಾರು ಬ್ಯಾಡ ಅಂದಾರ ಈಗ? ಕಾಲ ಬದಲಾಗೇತಿ. ಇನ್ ಮ್ಯಾಲ ರುಚಿ ನೋಡಿನ ಹಾಕು,” ಎಂದುಬಿಟ್ಟರು. ಅಧ್ಯಕ್ಷರು ಒಡನೆಯೇ, “ವಾಹ್! ಇದು ಧೈರ್ಯ!” ಎಂದು ಅವರ ಬೆನ್ನು ತಟ್ಟಿದರು. ಬೆನ್ನು ಯಾರದು ತಟ್ಟಬೇಕಿತ್ತೋ ಅವರು ಒಳಗೆ ಹೋಗಿ ಅತಿಥಿಗಳಿಗೆ ಮೊಸರನ್ನ ಕಲಸುತ್ತಿದ್ದರು.

ಗೆದ್ದೆವೆಂದು ನಾನು ಕುಣಿದಾಡಿದೆ. ಅತ್ತೆ ಕುಣಿಯಲಿಲ್ಲ, ಅವರಿಗೆ ಅಣ್ಣನ ಗುಣ ಗೊತ್ತಿತ್ತು. ಮಾರನೆಯ ದಿನದಿಂದ ನಮ್ಮ ಮನೆಗೆ ಮೀನು ಬರುವುದೇ ನಿಂತಿತು. ಒಂದು ವಾರ ಮಾವನವರು, “ಈಗ ಸಿಗಡಿ ಚಲೋ ಬರೂದಿಲ್ಲ,” ಎಂದರು. ಮರುವಾರ ಅವರಿಗೆ ಪಿತ್ತ. ಅದರ ಮರುವಾರ ಏಕಾದಶಿ, ಅದರ ಹಿಂದೆ ಮುಂದೆ ಎರಡೆರಡು ದಿನ ಹೊಸದಾಗಿ ಹುಟ್ಟಿದ ನೇಮ. ಬದನೆಕಾಯಿ ತಿನ್ನುತ್ತಿದ್ದರು, ಮುಖ ಕಹಿ ಮಾಡಿಕೊಂಡು. ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಳ್ಳಲಾರರು, ನಡೆಸಲೂ ಆರರು. ಮಣ್ಣಿನ ಬಾಣಲಿ ಹಿತ್ತಲಲ್ಲಿ ಬೋರಲು ಬಿದ್ದಿತ್ತು.

ಮಾವನವರನ್ನು ಸಿಕ್ಕಿಸಿದ್ದು ಅವರ ನಾಲಿಗೆಯೇ. ಮುಂದಿನ ತಿಂಗಳು ಖಾನಾಪುರದಲ್ಲಿ ಮಂಡಳಿಯ ಸಭೆ. ನಾನು ತವರಿನಲ್ಲಿದ್ದೆ, ಅವ್ವನ ಜೊತೆ ಹೋಗಿ ಹೆಂಗಸರ ಪರದೆಯ ಹಿಂದೆ ಕೂತೆ. ಮಾವನವರು ಎದ್ದು ನಿಂತು, ಕನ್ನಡದ ನಡುವೆ ಮರಾಠಿ ಸೇರಿಸಿ, ಹೇಳಿದರು: “ಬಂಧುಗಳೇ, ಸುಧಾರಣೆ ಮನೆಯಿಂದ ಶುರುವಾಗಬೇಕು. ಒಂದು ಸಂಜೆ ನಾನು ನನ್ನ ತಂಗಿಯನ್ನು ಕರೆದು ಹೇಳಿದೆ, ತಂಗೀ, ಹದಿನಾರು ವರ್ಷ ಸಾಕು. ಇನ್ನು ಮೇಲೆ ರುಚಿ ನೋಡು. ಯಾರು ಏನೆನ್ನುತ್ತಾರೋ ನಾನು ನೋಡಿಕೊಳ್ಳುತ್ತೇನೆ!” ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಅತ್ತೆಯ ಮೈದುನ. ನನಗೆ ಎಷ್ಟು ಸಿಟ್ಟು ಬಂತೆಂದರೆ ಪರದೆ ಹರಿದು ಹೊರಗೆ ಬರಬೇಕೆನಿಸಿತು. ಆದರೆ ಅದೇ ಗಳಿಗೆಯಲ್ಲಿ ಇನ್ನೊಂದು ವಿಚಾರವೂ ಹೊಳೆಯಿತು.

ಮರುದಿನ ಮಧ್ಯಾಹ್ನದ ಗಾಡಿಗೆ ನಾನೂ ಮಾವನವರೂ ಬೆಳಗಾವಿಗೆ ಹೊರಡುವುದಿತ್ತು. ಅವ್ವನಿಗೆ ಹೇಳಿ ಸಿಗಡಿ ತರಿಸಿದೆ. ಸ್ಟೇಶನ್ನಿಗೆ ಸಭೆಯ ಮಂದಿಯೆಲ್ಲ ಹಾರ ಹಿಡಿದು ಬಂದಿದ್ದರು. ಅವರೆಲ್ಲರ ಎದುರಿಗೆ ನಾನು ತೇಗದೆಲೆಯ ಗಂಟನ್ನು ಮುಂದೆ ಹಿಡಿದು, “ಮಾವನವರ, ಅತ್ಯಾ ಅವರಿಗೆ ರುಚಿ ನೋಡಾಕ ಸಿಗಡಿ ತಗೊಂಡೀನ್ರಿ,” ಎಂದೆ. ಮಂದಿ ಮತ್ತೆ ಚಪ್ಪಾಳೆ ಹೊಡೆದರು. ಮಾವನವರು ಹಾರದೊಳಗಿನಿಂದ ನನ್ನನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಬೆಳಗಾವಿ ಬರುವ ತನಕ ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು.

ಅವತ್ತು ಸಂಜೆ ಅತ್ತೆ ಬಾಣಲಿ ತೊಳೆದು ಒಲೆಯ ಮೇಲಿಟ್ಟರು. ಉಳಿದಿದ್ದ ಅರ್ಧ ಪೊಟ್ಟಣ ಪೊಳ್ಳು ಶ್ಯಾವಿಗೆ ಮುರಿದು ಹಾಕಿದರು. ಉಳ್ಳಾಗಡ್ಡಿ, ಮೆಣಸಿನಕಾಯಿ, ಸಿಗಡಿ, ಆಮಸೋಲ, ತೆಂಗಿನಕಾಯಿ ಹಾಲು, ಎಲ್ಲ ಮೊದಲಿನ ಹಾಗೆಯೇ. ಉಪ್ಪು ಒಂದೇ ಹಿಡಿ. ಇಪ್ಪತ್ತು ಮಿನಿಟಿನಲ್ಲಿ ಆಯಿತು. ಆಮೇಲೆ ಸೌಟು ಹಿಡಿದು ಸುಮ್ಮನೆ ಕೂತುಬಿಟ್ಟರು. ಅವರಿಗೆ ಹೆದರಿಕೆಯಾಗಿತ್ತು. ನಾನೇ ಒಂದು ಬಾಳೆ ಎಲೆ ತುಂಡಿಗೆ ಸ್ವಲ್ಪ ಹಾಕಿ ಅವರ ಮುಂದಿಟ್ಟೆ.

ಒಂದು ಸಿಗಡಿ ಎತ್ತಿ ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದರು. ಕಣ್ಣಿನಿಂದ ನೀರು ಇಳಿದು ಗಲ್ಲಕ್ಕೆ ಬಂತು, ಒರೆಸಿಕೊಳ್ಳಲಿಲ್ಲ.

“ಉಪ್ಪು ಸರಿ ಐತೇನ್ರಿ ಅತ್ಯಾ?”

ಅವರು ನನ್ನ ಕಡೆ ತಿರುಗಿದರು. “ಹದಿನಾರು ವರ್ಷ ನಾ ಇಷ್ಟ ಚಲೋ ಮಾಡಾಕತ್ತಿದ್ದೆ ಏನವಾ?” ಎಂದರು.

ನಾನು ಇನ್ನೊಂದು ಸೌಟು ಅವರ ಎಲೆಗೆ ಹಾಕಿದೆ. ಅವರು ಈಗ ಹಸಿದವರ ಹಾಗೆ ತಿನ್ನುತ್ತಿದ್ದರು, ಶ್ಯಾವಿಗೆಯ ತೂತಿನೊಳಗಿನ ಹಾಲನ್ನು ಸುರ್ರನೆ ಹೀರುತ್ತ. ಒಳಗೆ ಪಡಸಾಲೆಯಲ್ಲಿ ಮಾವನವರು ಮಣೆ ಹಾಕಿಕೊಂಡು ಕೂತು ಆಗಲೇ ಬಹಳ ಹೊತ್ತಾಗಿತ್ತು. ಅವರ ಕೆಮ್ಮು ಎರಡು ಸಲ ಕೇಳಿಸಿತು. ಕಡೆಗೆ ತಡೆಯಲಾರದೆ ಕೂಗಿದರು:

“ಆತೇನು, ರುಚಿ ನೋಡೂದು?”

ಅತ್ತೆ ಬಾಯಲ್ಲಿದ್ದುದನ್ನು ನುಂಗಿ, ಬಾಣಲಿಯನ್ನು ತಮ್ಮ ಹತ್ತಿರ ಎಳೆದುಕೊಂಡರು.

“ಇನ್ನೂ ನೋಡಾಕತ್ತೀನಿ ಅಣ್ಣಾ,” ಎಂದರು.